ವಸು ಆಂಟಿಯ ಬರಿಗಾಲು

ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ. ಅದಕ್ಕೆ ಬೇರೆ ಹೆಸರಿಟ್ಟು ಮರ್ಯಾದೆ ಉಳಿಸಿಕೊಳ್ಳುವ ಪೈಕಿ ನಾನಲ್ಲ. ಪಕ್ಕದ ಮನೆಯ ವಸುಂಧರಾಳನ್ನು ಕಂಡರೆ ನನಗಾಗುತ್ತಿರಲಿಲ್ಲ. ಅವಳ ಬರಿಗಾಲು ಕಂಡರಂತೂ ಮೈಯೆಲ್ಲ ಉರಿಯುತ್ತಿತ್ತು.

ಧಾರವಾಡದ ಹುಡುಗಿ ಅವಳು. ಈ ದೇಶಕ್ಕೆ ಬಂದು, ಡನೀಡಿನ್ ಊರಿನಲ್ಲಿ ಫಿಸಿಯೋಥೆರಪಿ ಓದಿ, ನಾವಿರುವ ಪಾಪಕುರಾದಲ್ಲೇ ಕೆಲಸಕ್ಕೆ ಸೇರಿದ್ದಳು. ಮದುವೆಯಿಲ್ಲ, ಮಕ್ಕಳಿಲ್ಲ. ಸಂಜೆ ಬಂದವಳೇ ಶೂ ಕಿತ್ತೆಸೆದಳೆಂದರೆ ಆಮೇಲೆ ಮೂಲೆಯ ಡೇರಿ ಅಂಗಡಿಗೂ ಬರಿಗಾಲು, ಸೂಪರ್‌ಮಾರ್ಕೆಟ್ಟಿಗೂ ಬರಿಗಾಲು. ಈ ದೇಶದಲ್ಲಿ ಅದನ್ನು ಯಾರೂ ತಿರುಗಿ ನೋಡುವುದಿಲ್ಲ. ಮಕ್ಕಳು ಶಾಲೆಗೇ ಬರಿಗಾಲಲ್ಲಿ ಬರುತ್ತಾರೆ, ಟೀಚರು ನಗುನಗುತ್ತಾ ಒಳಗೆ ಕರೆಯುತ್ತಾರೆ. ಮೈಸೂರಿನಲ್ಲಿ ನನ್ನ ಕ್ಯಾನ್ವಾಸ್ ಶೂ ಸ್ವಲ್ಪ ಮಾಸಿದ್ದರೂ ಮಿಸ್ಸು ಅಸೆಂಬ್ಲಿಯಿಂದ ಹೊರಗೆ ನಿಲ್ಲಿಸುತ್ತಿದ್ದರು. ಸೀಮೆಸುಣ್ಣ ತಿಕ್ಕಿ ಬೆಳ್ಳಗೆ ಮಾಡಿಕೊಂಡು ಓಡುತ್ತಿದ್ದೆ.

ಯಾರು ಹೇಗಾದರೂ ತಿರುಗಲಿ, ನನ್ನ ಗಂಟೇನು ಹೋಗಬೇಕು? ಆದರೆ ನನ್ನ ಮಗಳು ಹರ್ಷಿತಾ ಶೂ ಬಿಸಾಕಿ ಅವಳ ಹಿಂದೆ ಹೊರಟುಬಿಟ್ಟಳು. ಶಾಲೆಯಲ್ಲಿ ಓಟದ ಪಂದ್ಯವಂತೆ. ದಿನಾ ಸಂಜೆ ಹಿಂದಿನ ಪಾರ್ಕಿನಲ್ಲಿ ಇಬ್ಬರೂ ಬರಿಗಾಲಲ್ಲಿ ಓಡುವುದು, ಕೇಕೆ ಹಾಕುವುದು. ಅಡುಗೆಮನೆ ಕಿಟಕಿಯಲ್ಲಿ ನಾನು ಬೀನ್ಸ್ ಹೆಚ್ಚುತ್ತಾ ನೋಡುವುದು.

ಹುಟ್ಟಿದಾಗಿನಿಂದ ಅವಳ ಜೊತೆ ಕನ್ನಡದಲ್ಲೇ ಮಾತಾಡಿದ್ದೇನೆ. ನಾನು "ಊಟಕ್ಕೆ ಬಾ ಚಿನ್ನಾ" ಅಂದರೆ "ಕಮಿಂಗ್" ಅನ್ನುತ್ತಾಳೆ. ಶಾಲೆ ಹೇಗಿತ್ತು ಅಂದರೆ "ಫೈನ್." ಅದೇ ಹುಡುಗಿ ಒಂದು ದಿನ ಬೇಲಿಯ ಹತ್ತಿರ ನಿಂತು ವಸುಂಧರಾಳಿಗೆ "ಹೌದ್ರೀ ವಸು ಆಂಟಿ, ನಾಳೆ ಬರ್ತೀನ್ರೀ" ಅಂದಳು! ನನ್ನ ಕೈಯಲ್ಲಿದ್ದ ಒಗೆದ ಬಟ್ಟೆಯ ಬುಟ್ಟಿ ಅಲ್ಲೇ ಕುಕ್ಕಿದೆ.

ರಾತ್ರಿ ಇವರ ಮುಂದೆ ಹೇಳಿಕೊಂಡರೆ, ಇವರೋ ದೊಡ್ಡ ಜ್ಞಾನಿ. ಈಸ್ಟ್ ತಮಾಕಿ ಬಡಾವಣೆಯ ಕಾರ್ಖಾನೆಯಲ್ಲಿ ದಿನವಿಡೀ ಸೇಫ್ಟಿ ಬೂಟಿನೊಳಗೆ ಬೆಂದ ಕಾಲನ್ನು ಟಬ್ಬಿನ ನೀರಿಗಿಟ್ಟು, "ನನ್ನ ಕೇಳಿದ್ರೆ ಶೂ ಬೇಕಾಗಿರೋದು ಕಬ್ಬಿಣ ಬೀಳೋ ಜಾಗದಲ್ಲಿ ಮಾತ್ರ ಕಣೇ. ಮಗು ಓಡ್ಲಿ ಬಿಡು" ಅಂದರು.

"ಶೂ ಕಥೆ ಯಾರ್ರೀ ಹೇಳ್ತಿರೋದು?" ಅಂದೆ.

"ಮತ್ತೆ?"

ಮತ್ತೆ ಏನು ಅಂತ ಹೇಳಲಿ? ಗಂಡಸರಿಗೆ ಬಿಡಿಸಿ ಹೇಳುವಷ್ಟು ತಾಳ್ಮೆ ನನಗಿಲ್ಲ.

ಮಾರನೆಯ ದಿನ ಬೇಲಿಯ ಹತ್ತಿರವೇ ಅವಳನ್ನು ಹಿಡಿದೆ. "ನೋಡಮ್ಮ ವಸುಂಧರಾ, ನಿನ್ನ ಕಾಲು, ನಿನ್ನಿಷ್ಟ. ನನ್ನ ಮಗಳಿಗೆ ಈ ಭಿಕಾರಿ ವೇಷ ಕಲಿಸ್ಬೇಡ."

"ಸಿಟ್ಟಾಗಬ್ಯಾಡ್ರಿ ಅಕ್ಕಾ," ಅಂದಳು ನಗುತ್ತಾ. "ಸಣ್ಣ ಹುಡುಗರ ಪಾದ ನೆಲಾ ಮುಟ್ಟಿದ್ರ ಗಟ್ಟಿ ಆಗ್ತಾವ. ದೇವರ ಮುಂದ ನಾವೇನು ಬೂಟು ಹಾಕ್ಕೊಂಡು ನಿಲ್ತೀವೇನ್ರಿ?"

"ದೇವರು ಓಟದ ಪಂದ್ಯ ಇಟ್ಟಿಲ್ಲ," ಅಂದು ಬಂದುಬಿಟ್ಟೆ. ಮಾತಿಗೆ ಮಾತು ಕೊಟ್ಟೆ ಅನ್ನುವ ಸಮಾಧಾನ ಬಾಗಿಲು ದಾಟುವವರೆಗೂ ಉಳಿಯಲಿಲ್ಲ.

ಅವತ್ತು ಸಂಜೆ ಹರ್ಷಿತಾ ಪಾರ್ಕಿನಿಂದ ಬಂದು ಸೋಫಾದಲ್ಲಿ ಒರಗಿ, ಟಿವಿ ನೋಡುತ್ತಾ ಎರಡೂ ಕಾಲನ್ನು ನನ್ನ ಮಡಿಲಿಗೆ ಚಾಚಿದಳು. ಕೂಸಾಗಿದ್ದಾಗಿನ ಅಭ್ಯಾಸ. ಹಿಮ್ಮಡಿಯಲ್ಲಿ ಮಣ್ಣು, ಬೆರಳ ಸಂದಿಯಲ್ಲಿ ಹುಲ್ಲು. ನನಗೆ ಎಲ್ಲಿತ್ತೋ ಸಿಟ್ಟು, ತಳ್ಳಿಬಿಟ್ಟೆ.

"ಎಲ್ಲೆಲ್ಲಿ ತುಳಿದು ಬಂದ ಕೊಳಕು ಕಾಲೋ! ದೂರ ಇಡು. ಬೇಕಿದ್ರೆ ನಿನ್ನ ವಸು ಆಂಟಿ ಮಡಿಲಲ್ಲಿಟ್ಕೋ ಹೋಗು."

ಅವಳು ಸೋಫಾದ ಆ ತುದಿಗೆ ಸರಿದು, ಕಾಲನ್ನು ಮಡಚಿ ತನ್ನ ಕೆಳಗೇ ಇಟ್ಟುಕೊಂಡು ಕೂತಳು. ಆಮೇಲೆ ಒಂದು ದಿನವೂ ನನ್ನ ಕಡೆಗೆ ಕಾಲು ಚಾಚಲಿಲ್ಲ. ಮಾತು ಕೇಳಿದಳು ಅಂತ ನಾನು ಬೀಗಿದೆ.

ಇಲ್ಲಿ ಬೇಸಿಗೆ ಶುರುವಾಗುವ ನವೆಂಬರಿನಲ್ಲಿ ಪಂದ್ಯ. ಹೊಸ ಶೂ ತಂದು, ನಾನೇ ಮಂಡಿಯೂರಿ ಲೇಸಿಗೆ ಎರಡೆರಡು ಗಂಟು ಹಾಕಿ ಕಳಿಸಿದ್ದೆ. ಮೈದಾನಕ್ಕೆ ಹೋದರೆ ವಸುಂಧರಾ ರಜೆ ಹಾಕಿ ನನಗಿಂತ ಮುಂಚೆ ಬಂದು ನಿಂತಿದ್ದಾಳೆ, ಮಹಾರಾಯ್ತಿ! ಯಾರು ಕರೆದಿದ್ದರು? ಓಟ ಶುರುವಾಗುವ ಮುಂಚೆ ಹರ್ಷಿತಾ ಗೆರೆಯ ಹತ್ತಿರ ಕೂತು ಹಲ್ಲಲ್ಲಿ ಗಂಟು ಬಿಚ್ಚಿ ಶೂ ಕಳಚಿದಳು. ಎತ್ತಿಕೊಂಡು ನಮ್ಮ ಕಡೆ ಓಡಿಬಂದಳು. ನಾನು ಕೈ ಚಾಚಿದೆ. ಶೂ ಕೊಟ್ಟಿದ್ದು ವಸುಂಧರಾಳ ಕೈಗೆ.

ಆ ಕ್ಷಣದಲ್ಲಿ ನಾನು ಬೇಡಿಕೊಂಡದ್ದನ್ನು ಯಾವ ತಾಯಿಯೂ ಬೇಡಿಕೊಳ್ಳಬಾರದು. ಬೇಸಿಗೆ ಬಂತೆಂದರೆ ಇಲ್ಲಿಯ ಹುಲ್ಲಿನಲ್ಲಿ ಕಣ್ಣಿಗೆ ಕಾಣದಂಥ ಮುಳ್ಳೇಳುತ್ತದೆ. ಒಂದು ಚುಚ್ಚಲಿ ತಂದೆ ಚಾಮುಂಡಿ, ಒಂದೇ ಒಂದು ಚುಚ್ಚಲಿ, ಯಾರ ಮಾತು ಸರಿ ಅಂತ ಗೊತ್ತಾಗಲಿ ಅಂದುಕೊಂಡೆ. ತಾಯಿಯನ್ನು ತಂದೆ ಅಂದದ್ದೂ ಗೊತ್ತಾಗದಷ್ಟು ಉರಿ.

ಓಟ ಶುರುವಾಯಿತು. ನನ್ನ ಮಗಳು ಎಲ್ಲರಿಗಿಂತ ಮುಂದಿದ್ದಳು, ಹಾಗೆ ಓಡುತ್ತಾಳೆ ಅಂತ ನನಗೆ ಗೊತ್ತೇ ಇರಲಿಲ್ಲ. ತಿರುವಿನ ಹತ್ತಿರ ತಟ್ಟನೆ ಎಗರಿ ನಿಂತಳು. ಉಳಿದ ಮಕ್ಕಳು ಅವಳನ್ನು ದಾಟಿಕೊಂಡು ಹೋದರು. ಕುಂಟುತ್ತಾ, ಅಳುತ್ತಾ ನಮ್ಮ ಕಡೆಗೇ ಬಂದಳು.

ನಾನು ತೋಳಗಲಿಸಿ ನಿಂತಿದ್ದೆ. ಅವಳು ನನ್ನನ್ನು ದಾಟಿ ಹೋಗಿ ವಸುಂಧರಾಳ ಪಕ್ಕ ಕುಸಿದು ಅವಳ ಮಡಿಲಿಗೆ ಕಾಲಿಟ್ಟಳು.

"ಮುಳ್ಳು ಒಳಗ ಮುರದೈತ್ರಿ ಅಕ್ಕಾ. ಉಗುರಿಗೆ ಸಿಗವಲ್ದು. ಪಿನ್ನು ಐತೇನ್ರಿ?" ಅಂದಳು ವಸುಂಧರಾ.

ನಮ್ಮಂಥವರ ಬಳೆಯಲ್ಲಿ ಪಿನ್ನಿಲ್ಲದೆ ಇರುತ್ತದೆಯೇ? ತೆಗೆದೆ. ಅವಳ ಕೈಗೆ ಮಾತ್ರ ಕೊಡಲಿಲ್ಲ. ಹುಲ್ಲಿನ ಮೇಲೆ ಕೂತು ಸೀರೆಯ ಮಡಿಲನ್ನು ಹರಡಿದೆ.

"ಇಲ್ಲಿ ಕೊಡು ಪುಟ್ಟಾ. ಅಮ್ಮ ತೆಗೀತೀನಿ."

ಹರ್ಷಿತಾ ನನ್ನನ್ನು ನೋಡಿದಳು. ವಸುಂಧರಾಳ ಮಡಿಲಿಂದ ಕಾಲು ಎಳೆದುಕೊಂಡಳು. ಗೆದ್ದೆ ಅಂದುಕೊಂಡೆ. ಆದರೆ ಕಾಲು ನನ್ನ ಮಡಿಲಿಗೆ ಬರಲಿಲ್ಲ. ಅಂಗಿಯ ಅಂಚು ಹಿಡಿದು ಅಂಗಾಲನ್ನು ಉಜ್ಜತೊಡಗಿದಳು. ಮುಳ್ಳಿದ್ದ ಜಾಗವನ್ನೂ ಬಿಡದೆ, ಹಲ್ಲು ಕಚ್ಚಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ ಉಜ್ಜಿದಳು.

"ಸಾಕು ಕಂದಾ, ಕೊಡು," ಅಂದೆ.

"ವೇಟ್ ಅಮ್ಮಾ," ಅಂದಳು. "ಇನ್ನೂ ಡರ್ಟಿ ಇದೆ."