ಹಿಂದಿನ ಸೀಟಿನ ಹೆಂಡತಿ

"ತೆಗೀರಿ, ತೆಗೀರಿ, ನೀರು ತೊಟ್ಟಿಕ್ಕುತ್ತೆ," ಎನ್ನುತ್ತ ಕ್ಲಬ್ಬಿನ ಅಧ್ಯಕ್ಷರು ಕಾರಿನ ಬಾನೆಟ್ಟಿನ ಮೇಲೆ ತಾವೇ ಇಡಿಸಿದ್ದ ಹೂಗುಚ್ಛವನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಕಾರ್ಯದರ್ಶಿ ಓಡಿಬಂದು ಕರವಸ್ತ್ರದಿಂದ ಬಣ್ಣದ ಮೇಲಿನ ನೀರು ಒರೆಸಿದ. ಹೂಗುಚ್ಛವನ್ನು ಎಲ್ಲಿಡಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಕೊನೆಗೆ ಹೆಣದ ಹತ್ತಿರವೂ ಇಡಬಹುದೆಂದು ನೆನಪಾಗಿ ಒಳಗೆ ಕಳಿಸಿದರು.

ಹಳೆಯ ಐಷಾರಾಮಿ ಕಾರುಗಳ ಕ್ಲಬ್ಬಿನವರೆಲ್ಲ ಬಂದಿದ್ದರು. ಸತ್ತವನು ಮನೆಯ ಹಾಲ್‌ನಲ್ಲಿ ಶವಪೆಟ್ಟಿಗೆಯೊಳಗೆ ಮಲಗಿದ್ದ. ಇವರು ಅಂಗಳದಲ್ಲಿ ಅವನ ಕಾರಿನ ಸುತ್ತ ನಿಂತು ದುಃಖಪಡುತ್ತಿದ್ದರು. ಒಬ್ಬ ಕುಕ್ಕರುಗಾಲಿನಲ್ಲಿ ಕೂತು ಮಡ್‌ಗಾರ್ಡಿನ ಸಂದಿಗೆ ಬೆರಳು ಹಾಕಿ ತುಕ್ಕು ಹುಡುಕಿದ. ಇನ್ನೊಬ್ಬ ಕಿಟಕಿಯಲ್ಲಿ ತಲೆ ತೂರಿಸಿ ಸೀಟಿನ ಚರ್ಮದ ವಾಸನೆ ಎಳೆದುಕೊಂಡ.

"ಒಂದು ಗೀರಿಲ್ಲ ನೋಡಿ. ಎಂಥಾ ಮನುಷ್ಯ," ಎಂದ ಒಳಗಿನಿಂದಲೇ.

ಹಾಲ್‌ನ ಕಿಟಕಿಯ ಪಕ್ಕ ಕೂತಿದ್ದ ಹೆಂಡತಿಗೆ ಇದೆಲ್ಲ ಕಾಣುತ್ತಿತ್ತು.

"ಭಾವನ್ನ ಒಬ್ರಾದ್ರೂ ಬಂದು ನೋಡಿದ್ರಾ, ಅಕ್ಕ? ಕಾರೇ ಸತ್ತಿದೆಯೇನೋ ಅನ್ನೋ ಹಾಗೆ ಆಡ್ತಿದಾರೆ," ಎಂದಳು ತಂಗಿ.

"ಇವ್ರೂ ಹಾಗೇ ಇದ್ರು ಬಿಡು. ಯಾರ ಸಾವಿಗೆ ಹೋದ್ರೂ ಮೊದ್ಲು ಪಾರ್ಕಿಂಗ್ ಎಲ್ಲಿದೆ ಅಂತ ನೋಡೋರು."

ಅವಳಿಗೆ ಇನ್ನೂ ಅಳು ಬಂದಿರಲಿಲ್ಲ. ಬೆಳಗಿನಿಂದ ಒಂದೇ ವಿಷಯ ಕೊರೆಯುತ್ತಿತ್ತು: ಈ ಮನುಷ್ಯನಿಗೆ ತಾನು ಹೆಂಡತಿಯಾಗಿದ್ದೆನೋ, ಬರೀ ಪ್ಯಾಸೆಂಜರ್ ಆಗಿದ್ದೆನೋ? ಕೇಳೋಣವೆಂದರೆ ಉತ್ತರ ಹೇಳಬೇಕಾದವನು ಪೆಟ್ಟಿಗೆ ಸೇರಿದ್ದ.

* * *

ಕಣ್ಣಾಸ್ಪತ್ರೆಯ ಉಗ್ರಾಣದಲ್ಲಿ ಹತ್ತಿ, ಬ್ಯಾಂಡೇಜು ಕಾಯುತ್ತಿದ್ದವನಿಗೆ ಅಷ್ಟುದ್ದದ ಕಾರು ಯಾಕೆ ಬೇಕಿತ್ತೋ ಯಾರಿಗೂ ತಿಳಿಯಲಿಲ್ಲ. ಸಾಹುಕಾರರು ಒಬ್ಬರಾದ ಮೇಲೊಬ್ಬರು ಓಡಿಸಿ, ಬೇಸತ್ತು, ಕೈತೊಳೆದುಕೊಂಡಿದ್ದ ಗಾಡಿ ಅದು. ರಾತ್ರಿ ನಿಲ್ಲಿಸಿದರೆ ಬೆಳಗಿನ ಹೊತ್ತಿಗೆ ಸಸ್ಪೆನ್ಷನ್ನಿನ ಗಾಳಿಯೆಲ್ಲ ಸೋರಿ, ಮೇದು ಮಲಗಿದ ಎಮ್ಮೆಯಂತೆ ಹೊಟ್ಟೆಯನ್ನು ನೆಲಕ್ಕೆ ಹಚ್ಚಿಕೊಂಡಿರುತ್ತಿತ್ತು. ಆತನಿಗೆ ಅದೂ ಚೆಂದವೇ. "ದೊಡ್ಡವರು ಏಳೋದು ಸ್ವಲ್ಪ ನಿಧಾನ," ಎನ್ನುತ್ತಿದ್ದ. ಪಕ್ಕದ ಮನೆಯವರ ಹೊಚ್ಚಹೊಸ ಕಾರನ್ನು ಟಿಫನ್ ಡಬ್ಬಿ ಎಂದು ಮೂಗು ಮುರಿಯುತ್ತಿದ್ದ. ಹೆಂಡತಿಯ ಒಡೆದ ಹಿಮ್ಮಡಿಯನ್ನು ಒಂದು ದಿನವೂ ತಿರುಗಿ ನೋಡದವನು ಸೀಟಿನ ಚರ್ಮ ಒಡೆಯಬಾರದೆಂದು ಭಾನುವಾರವಿಡೀ ಕ್ರೀಮು ತಿಕ್ಕುತ್ತಿದ್ದ.

ಎಂಜಿನ್ನು ಮಾತ್ರ ನಿಜಕ್ಕೂ ಸೊಗಸಾಗಿತ್ತು. ಚಾಲೂ ಆಗಿದೆಯೆಂದೇ ಗೊತ್ತಾಗದೆ ಇನ್ನೊಮ್ಮೆ ಕೀ ತಿರುಗಿಸಿ ಅವನಿಂದ ಬೈಸಿಕೊಂಡ ಮೆಕ್ಯಾನಿಕ್ಕುಗಳಿದ್ದಾರೆ.

ಮೊದಲ ದಿನ ಅವಳು ಮುಂದೆ ಕೂರಲು ಹೋದಾಗ ಆತ ತಡೆದಿದ್ದ.

"ಅಲ್ಲಿ ಬೇಡ. ಈ ಗಾಡೀನ ಮಾಡಿರೋದೇ ಹಿಂದೆ ಕೂರೋರಿಗೆ. ಕೂತು ನೋಡು, ಗೊತ್ತಾಗುತ್ತೆ."

ಅಂದಿನಿಂದ ಅವಳು ಗಂಡನ ಮುಖಕ್ಕಿಂತ ಹೆಚ್ಚಾಗಿ ಅವನ ಕತ್ತಿನ ಹಿಂಭಾಗವನ್ನು ನೋಡಿದಳು. ಯಾವ ಹೋಟೆಲಿಗೆ, ಯಾರ ಮದುವೆಗೆ ಹೋದರೂ ಕಾವಲಿನವನು ಅವಳಿಗೆ ಸಲಾಮು ಹೊಡೆದು, ಅವನಿಗೆ "ಡ್ರೈವರ್‌ಗಳೆಲ್ಲ ಆ ಕಡೆ" ಎನ್ನುತ್ತಿದ್ದ. ಮೊದಲ ಸಲ ಅವಳು "ಇವ್ರು ನಮ್ಮ ಯಜಮಾನ್ರು" ಎನ್ನುವಷ್ಟರಲ್ಲಿ ಆತ ಗಾಡಿಯನ್ನು ಆ ಕಡೆಗೇ ತಿರುಗಿಸಿಯಾಗಿತ್ತು. ಆಮೇಲೆ ಅದೇ ರೂಢಿಯಾಯಿತು. ಅವಳು ಒಳಗೆ ಒಬ್ಬಳೇ ಊಟ ಮಾಡಬೇಕು, ಅವನು "ಗಾಡಿ ಹತ್ರ ಇರ್ತೀನಿ" ಎಂದು ಹೊರಗೇ ಉಳಿಯಬೇಕು.

ಹೋಗುವುದೋ, ಆಮೆಯ ನಡಿಗೆ. "ಸ್ವಲ್ಪ ಬೇಗ ಹೋಗ್ಬಾರ್ದಾ?" ಎಂದರೆ "ಅಡಿ ತಾಗುತ್ತೆ" ಎಂಬ ಉತ್ತರ. ತಾಗುವುದು ಕಾರಿಗೆ, ನೋವು ಅವನಿಗೆ. ಮೆಟ್ಟಿಲಿನಿಂದ ಜಾರಿ ಬಿದ್ದು ಎಡಸೊಂಟ ಹಿಡಿದುಕೊಂಡಿದೆ ಎಂದು ಅವಳು ಒಮ್ಮೆ ಹೇಳಿದಾಗ ಆತ ಗಾಜು ಒರೆಸುತ್ತಲೇ "ಹ್ಞೂಂ" ಎಂದಿದ್ದ. ಮತ್ತೆ ಆ ಮಾತೆತ್ತಲು ಅವಳಿಗೂ ಮನಸ್ಸಾಗಲಿಲ್ಲ.

* * *

ಶವದ ವ್ಯಾನು ಬಂದು ನಿಂತ ಹೊತ್ತಿಗೇ ಬಿಳಿ ಸಮವಸ್ತ್ರದ ಆರು ಜನ ಡ್ರೈವರುಗಳು ಗೇಟಿನಲ್ಲಿ ಕಾಣಿಸಿಕೊಂಡರು. ಯಾರೋ ಭಾರೀ ಕುಳಗಳು ಬಂದರೆಂದು ಕ್ಲಬ್ಬಿನವರು ದಾರಿ ಬಿಟ್ಟು, ಹಿಂದೆ ಸಾಹೇಬರಿಗಾಗಿ ಹುಡುಕಿದರು. ಯಾವ ಸಾಹೇಬನೂ ಬರಲಿಲ್ಲ. ಆರು ಜನವೂ ಕಾರಿನತ್ತ ಕಣ್ಣು ಕೂಡ ಹಾಯಿಸದೆ ನೇರವಾಗಿ ಪೆಟ್ಟಿಗೆಯ ಬಳಿ ಹೋದರು. ಅವರಲ್ಲಿ ದಪ್ಪ ಮೀಸೆಯವನು "ಅಣ್ಣಾ" ಎಂದು ಗೊಳೋ ಎಂದು ಅತ್ತ. ಆ ಮನೆಯಲ್ಲಿ ಅಂದು ಅತ್ತವರಲ್ಲಿ ಅವನೇ ಮೊದಲಿಗ.

ಕಣ್ಣೊರೆಸಿಕೊಂಡು ಅವಳ ಮುಂದೆ ಬಂದು ಟೋಪಿ ತೆಗೆದ.

"ಅಮ್ಮಾ, ನೀವು ದೊಡ್ಡವರು. ಒಬ್ಬ ಡ್ರೈವರ್‌ನ ನಿಮ್ಮ ಸ್ವಂತ ಮನೆ ಹಾಲ್‌ನಲ್ಲಿ ಮಲಗಿಸಿದೀರಿ. ನಮ್ಮ ಓನರ್‌ಗಳಾಗಿದ್ರೆ ಗೇಟ್ ಒಳಗೂ ಬಿಡ್ತಿರ್ಲಿಲ್ಲ."

ತಂಗಿ ಬಾಯಿ ತೆರೆದಳು. ಅವಳು ತಂಗಿಯ ಮಣಿಕಟ್ಟು ಹಿಡಿದು ಸುಮ್ಮನಾಗಿಸಿದಳು.

"ನಿಮಗೆ ಅವ್ರು ಹೇಗೆ ಪರಿಚಯ?"

"ಎಷ್ಟು ವರ್ಷದಿಂದ ಒಟ್ಟಿಗೆ ಕಾದಿದೀವಿ, ಅಮ್ಮ. ಮದ್ವೆ ಮನೆ, ಹೋಟ್ಲು, ಎಲ್ಲಾ ಕಡೆ. ನಿಧಾನಣ್ಣ ಅಂತಿದ್ವಿ. ಇಷ್ಟು ಒಳ್ಳೆ ಎಂಜಿನ್ ಇಟ್ಕೊಂಡು ಯಾಕಣ್ಣ ಹೀಗೆ ತೆವಳ್ತೀಯ ಅಂತ ಕೇಳಿದ್ರೆ, 'ನಮ್ಮ ಅಮ್ಮಾವ್ರಿಗೆ ಎಡಸೊಂಟ ನೋವು ಕಣೋ. ಒಂದು ಹಂಪ್ ಜೋರಾಗಿ ಇಳಿಸಿದ್ರೂ ಮಾರನೇ ದಿನ ಏಳೋಕಾಗಲ್ಲ, ಬಾಯಿಬಿಟ್ಟು ಹೇಳೋದೂ ಇಲ್ಲ' ಅಂತಿದ್ದ."

ಅವಳ ಎದೆ ತುಂಬಿ ಬಂತು. ಹಿಂದೆಯೇ ಮೈಯೆಲ್ಲ ಉರಿಯಿತು. ಕಂಡವರಿಗೆಲ್ಲ ಹೇಳಿಕೊಂಡು ಬಂದ ಮಾತನ್ನು ಒಮ್ಮೆ ತನಗೆ ಹೇಳಲು ಇವನಿಗೇನು ಧಾಡಿಯಾಗಿತ್ತು?

"ಹೆಂಡ್ತಿ ಬಗ್ಗೆ ಏನ್ ಹೇಳ್ತಿದ್ರು?"

"ಎಲ್ಲಿ ಹೆಂಡ್ತಿ, ಅಮ್ಮ? ಮದ್ವೆನೇ ಆಗಿಲ್ಲ, ಹಿಂದೆ ಮುಂದೆ ಯಾರೂ ಇಲ್ಲ ಅಂತಿದ್ದ. ಅದಕ್ಕೇ ಬಂದ್ವಿ. ಹೆಗಲು ನಾವು ಕೊಡ್ತೀವಿ."

ಆರೂ ಜನ ಪೆಟ್ಟಿಗೆಯ ಎರಡು ಬದಿಗೆ ನಿಂತು, ಬಗ್ಗಿ, ಹಿಡಿಗಳಿಗೆ ಕೈ ಹಾಕಿದರು. "ನಡಿಯಣ್ಣ," ಎಂದ ಮೀಸೆಯವನು, "ಇವತ್ತು ನೀನು ಮಲಕ್ಕೋ."

ಅವಳು ಸುಮ್ಮನಿದ್ದರೆ ಆಗುತ್ತಿತ್ತು. ಆತ ಗೆಳೆಯರ ಹೆಗಲ ಮೇಲೆ, ಬ್ರಹ್ಮಚಾರಿಯಾಗಿ, ಸುಖವಾಗಿ ಹೋಗುತ್ತಿದ್ದ. ಅಷ್ಟು ಸುಲಭವಾಗಿ ಅವನನ್ನು ಬಿಟ್ಟುಕೊಡಲು ಅವಳಿಂದಾಗಲಿಲ್ಲ.

"ನಾನೇ ಅವ್ರ ಹೆಂಡ್ತಿ," ಎಂದಳು. "ಆ ಗಾಡಿ ಅವ್ರದ್ದೇ. ಅವ್ರು ಡ್ರೈವರ್ ಅಲ್ಲ."

ಮೀಸೆಯವನು ಬಗ್ಗಿದ್ದಲ್ಲಿಂದಲೇ ಅವಳನ್ನು ನೋಡಿದ. ಆಮೇಲೆ ಗೋಡೆಯ ಮೇಲಿದ್ದ ಮದುವೆಯ ಫೋಟೋ ನೋಡಿದ.

"ಓನರ್ರಾ?" ಎಂದು ಪೆಟ್ಟಿಗೆಯೊಳಗಿನ ಮುಖವನ್ನೇ ಕೇಳಿದ.

"ನಮ್ ಸಾಹೇಬ್ರ ವಿಷಯ ಎಲ್ಲಾ ಇವ್ರ ಹತ್ರ ಹೇಳ್ಕೊಂಡಿದೀನಲ್ಲೋ," ಎಂದು ಇನ್ನೊಬ್ಬ ಪಿಸುಗುಟ್ಟಿದ.

ಹಿಡಿಗಳಿಂದ ಕೈಗಳು ಒಂದೊಂದಾಗಿ ಸರಿದವು.

"ತಪ್ಪಾಯ್ತು, ಮೇಡಂ. ಗೊತ್ತಿಲ್ದೆ ಏಕವಚನದಲ್ಲಿ ಮಾತಾಡ್ಬಿಟ್ವಿ."

"ಅಯ್ಯೋ, ಅದಕ್ಕೇನಪ್ಪ. ನೀವೇ ಹೊತ್ಕೊಳ್ಳಿ. ಅವ್ರಿಗೂ ಅದೇ ಇಷ್ಟ ಆಗ್ತಿತ್ತು."

"ಬೇಡ ಮೇಡಂ. ಚೆನ್ನಾಗಿರಲ್ಲ."

ಅವಳು ಇನ್ನೊಮ್ಮೆ ಕೇಳಿಕೊಂಡಳು, ಈ ಸಲ ಅಳುತ್ತ. ಅವರು ಟೋಪಿ ಹಾಕಿಕೊಂಡು ಹೊರಗೆ ಹೋದರು.

ಕೊನೆಗೆ ವ್ಯಾನಿನವರೂ ಕ್ಲಬ್ಬಿನವರೂ ಸೇರಿ ಪೆಟ್ಟಿಗೆ ಎತ್ತಿದರು. ಮುಂದೆ ಹಿಡಿದಿದ್ದ ಅಧ್ಯಕ್ಷರು "ಹುಷಾರು, ಕಾರಿಗೆ ತಗುಲೀತು," ಎನ್ನುತ್ತಿದ್ದರು. ಡ್ರೈವರುಗಳು ದಾರಿಯ ಪಕ್ಕದಲ್ಲಿ ಸಾಲಾಗಿ, ಕೈ ಹಿಂದೆ ಕಟ್ಟಿ, ನೆಲ ನೋಡುತ್ತ ನಿಂತರು. ಪೆಟ್ಟಿಗೆ ಹತ್ತಿರ ಬಂದಾಗ ಮೀಸೆಯವನು ಓಡಿಹೋಗಿ ವ್ಯಾನಿನ ಹಿಂಬಾಗಿಲು ತೆರೆದು ಹಿಡಿದ. ಇನ್ನೊಂದು ಅಂಗೈಯನ್ನು ಬಾಗಿಲಿನ ಮೇಲಂಚಿಗೆ ಅಡ್ಡವಿಟ್ಟ, ಯಜಮಾನರ ತಲೆಗೆ ತಾಗದಿರಲೆಂದು.