ರಾಜ್ಯಪಾಲರ ಕಾಗದ ಮತ್ತು ಕೊಂಬು ಮುರಿದ ಹೋತ

ಜುಂಜಯ್ಯನ ಅಂಗಿಯ ಒಳಜೇಬಿನಲ್ಲಿ ಒಂದು ಕಾಗದವಿತ್ತು. ನಾಲ್ಕು ವರ್ಷ ಟ್ರಂಕಿನ ತಳದಲ್ಲಿಟ್ಟಿದ್ದ ಅದನ್ನು ಇವತ್ತು ತಂಗಿಯ ಮುಖಕ್ಕೆ ಹಿಡಿದು ಕೇಳಿಯೇ ಬಿಡುವುದೆಂದು ಮಾಡದಕೆರೆಯಿಂದ ಹಿರಿಯೂರಿನವರೆಗೆ ಮೂರು ದಿನ ಕುರಿ ಹೊಡೆದುಕೊಂಡು ಬಂದಿದ್ದ. ತಂಗಿ ಎಂದರೆ ಕೇಂದ್ರದ ಹೆದ್ದಾರಿ ಮಂತ್ರಿ ಮೀನಾಕ್ಷಿ.

ಕುರಿಹಟ್ಟಿಯಿಂದ ಹೊಸದುರ್ಗದ ಹೈಸ್ಕೂಲಿಗೆ ಹೋದವಳು ಅವಳು. ಚಿತ್ರದುರ್ಗದಲ್ಲಿ ಕಾನೂನು ಓದಿ, ಹೊಳಲ್ಕೆರೆ ಕೋರ್ಟಿನಲ್ಲಿ ಕರಿಕೋಟು ತೊಟ್ಟು, ಜಿಲ್ಲಾ ಪಂಚಾಯಿತಿ, ಪಾರ್ಲಿಮೆಂಟು ಎಂದು ಮೆಟ್ಟಿಲು ಹತ್ತಿ, ದೂರದ ಬೆಟ್ಟಸೀಮೆಯ ರಾಜ್ಯವೊಂದಕ್ಕೆ ರಾಜ್ಯಪಾಲೆಯಾದಳು. ಹಟ್ಟಿಗೆ ಹಟ್ಟಿಯೇ ಹಿಗ್ಗಿತು. ಜುಂಜಯ್ಯನಂತೂ ನೆಲದ ಮೇಲೇ ನಿಲ್ಲಲಿಲ್ಲ. ಅಷ್ಟು ಹಿಗ್ಗಿದ್ದಕ್ಕೇ ಆಮೇಲೆ ಅಷ್ಟು ಸಿಟ್ಟು ಬಂದದ್ದು.

ಸುಗ್ಗಿ ಮುಗಿದ ಮೇಲೆ ಅವನ ಕುರಿಗಳು ಹಿರಿಯೂರಿನ ಕಡೆ, ವೇದಾವತಿ ದಂಡೆಯ ತೆಂಗಿನ ತೋಟಗಳಿಗೆ ಹೋಗುತ್ತವೆ. ನಡುವೆ ಹೆದ್ದಾರಿ. ಒಂದು ಬೆಳಗ್ಗೆ ಲಾರಿಯೊಂದು ಹನ್ನೊಂದು ಕುರಿಗಳ ಮೇಲೆ ಹರಿದು, ನಿಲ್ಲದೆ ಹೋಯಿತು. ಜುಂಜಯ್ಯ ರಸ್ತೆಯಲ್ಲೇ ಕೂತು ಅತ್ತ. ಕುರಿ ದಾಟಲು ರಸ್ತೆಯ ಕೆಳಗೊಂದು ದಾರಿ ಮಾಡಿಸಿಕೊಡು ಎಂದು ತಂಗಿಯ ರಾಜಭವನಕ್ಕೆ ಬರೆಸಿ ಹಾಕಿದ. ಸಿಂಹಮುದ್ರೆಯ ಉತ್ತರ ಬಂತು: ‘ತಮ್ಮ ಮನವಿಯನ್ನು ಸೂಕ್ತ ಕ್ರಮಕ್ಕಾಗಿ ಸಂಬಂಧಪಟ್ಟ ಇಲಾಖೆಗೆ ರವಾನಿಸಲಾಗಿದೆ.’ ಕೆಳಗೆ ತಂಗಿಯ ಸಹಿ. ಅಷ್ಟೇ.

“ಅಣ್ಣ ಅನ್ನೋ ಒಂದ್ ಮಾತೂ ಇಲ್ಲಲ್ಲೇ ಇದ್ರಾಗೆ!” ಎಂದು ಹೆಂಡತಿ ಹುಚ್ಚಕ್ಕನ ಮುಂದೆ ಕೂಗಾಡಿದ. ರಾಜ್ಯಪಾಲರೆಂದರೆ ಬರೆದುಕೊಟ್ಟದ್ದನ್ನು ಓದಬೇಕು, ಬಂದದ್ದನ್ನು ಮುಂದಕ್ಕೆ ಕಳಿಸಬೇಕು, ಬೇರೆ ರಾಜ್ಯದ ರಸ್ತೆಗೆ ಬಾಯಿ ಹಾಕುವಂತಿಲ್ಲ ಎಂದು ತಿಳಿದವರು ಹೇಳಿ ಸಾಕಾದರು. ಅಂದಿನಿಂದ ತಂಗಿಯ ಫೋನ್ ಬಂದರೆ ಹುಚ್ಚಕ್ಕನ ಕೈಗೆ ಕೊಟ್ಟು ಎದ್ದು ಹೋಗುತ್ತಿದ್ದ. ಹಠವೆಂದರೆ ಅವನದು!

ಹೀಗಿರುವಾಗ ದೆಹಲಿಯವರು ಮೀನಾಕ್ಷಿಯನ್ನು ರಾಜಭವನದಿಂದ ಕರೆಸಿ ಮಂತ್ರಿ ಮಾಡಿದರು. ಮೊದಲ ವಾರವೇ ಅವಳು ಸಹಿ ಹಾಕಿದ್ದು ಹಿರಿಯೂರಿನ ಕುರಿದಾರಿಯ ಫೈಲಿಗೆ. ವರ್ಷ ತುಂಬುವಷ್ಟರಲ್ಲಿ ದಾರಿ ಸಿದ್ಧವಾಯಿತು. ಇದು ಗೆದ್ದರೆ ಇನ್ನೂ ಇಪ್ಪತ್ತು ಕಡೆ ಮಾಡಿಸುತ್ತೇನೆ, ಮೊದಲು ಅಣ್ಣನ ಕುರಿಗಳೇ ದಾಟಲಿ ಎಂದು ಹುಚ್ಚಕ್ಕನ ಬಳಿ ಹೇಳಿಕಳಿಸಿದ್ದಳು.

ಈಗ ಉದ್ಘಾಟನೆಗೆ ಜನ, ವೇದಿಕೆ, ಕ್ಯಾಮೆರಾ ಎಲ್ಲ ನೆರೆದಿರುವಾಗ ಮುನ್ನೂರು ಕುರಿಗಳು ಆ ದಾರಿಯ ಬಾಯಲ್ಲಿ ನಿಂತುಬಿಟ್ಟಿದ್ದವು. ಹೊಸ ಬಣ್ಣದ ವಾಸನೆ, ಒಳಗೆ ಕತ್ತಲು, ತಲೆಯ ಮೇಲೆ ಲಾರಿಗಳ ಗುಡುಗು. ಒಂದೂ ಹೆಜ್ಜೆ ಎತ್ತಿಡಲೊಲ್ಲದು. ಜುಂಜಯ್ಯ ಕೂಗಿದ, ಕೋಲು ಬೀಸಿದ. ಕುರಿಗಳು ಹಿಂದಕ್ಕೇ ನುಗ್ಗಿದವು. ದಾರಿ ಕಟ್ಟಿಸಿದ ಎಂಜಿನಿಯರ್ ಹರೀಶ್ ಬೆವರತೊಡಗಿದ.

“ಕುರಿಗೇ ಬೇಡವಾದ ಕುರಿದಾರಿ! ನಾಳೆ ಹೆಡ್‌ಲೈನ್ ಸಿಕ್ತು,” ಎಂದು ಕ್ಯಾಮೆರಾದವನೊಬ್ಬ ನಕ್ಕ.

ಆ ಮಾತು ಜುಂಜಯ್ಯನ ಎದೆಗೆ ನಾಟಿತು. ಇವತ್ತು ಕುರಿ ದಾಟದಿದ್ದರೆ ಉಳಿದ ಇಪ್ಪತ್ತು ದಾರಿಗಳೂ ಮುಗಿದಂತೆ. ತಂಗಿಯ ಮಾನ ಅವನ ಕುರಿಗಳ ಕಾಲಲ್ಲಿತ್ತು. ಸಿಟ್ಟು ಎಲ್ಲಿ ಹೋಯಿತೋ!

ವೇದಿಕೆಯಿಂದ ಮೀನಾಕ್ಷಿ ಇಳಿದು ಬಂದಳು. ಹಿಂದೆ ಪೊಲೀಸರ ದಂಡು.

“ಅಣ್ಣಾ, ಹೋತ ಎಲ್ಲಿ?”

ಮಂದೆಯ ಮುಂದೆ ಯಾವಾಗಲೂ ಒಂದು ಹೋತ ನಡೆಯುತ್ತದೆ. ಅದು ಹೋದಲ್ಲಿ ಕುರಿ ಹೋಗುತ್ತವೆ. ಮಂತ್ರಿಯಾದರೂ ಅವಳ ಕಣ್ಣಿಗೆ ಮೊದಲು ಬಿದ್ದದ್ದು ಅದು ಇಲ್ಲದಿರುವುದು.

ಜುಂಜಯ್ಯ ತಲೆ ತಗ್ಗಿಸಿದ. “ಹಟ್ಟೀಲೇ ಬಿಟ್ಬಂದೆ ಕಣವ್ವ.”

“ಯಾಕೆ?”

“ಒಂದ್ ಕೊಂಬು ಮುರಿದೈತೆ. ಟೀವೀಲಿ ನಿನ್ ಪಕ್ಕ ಚೆಂದ ಕಾಣಾಕಿಲ್ಲ ಅಂತ…”

ನಾಲ್ಕು ವರ್ಷದ ಮೇಲೆ ಅಣ್ಣ ಆಡಿದ ಮೊದಲ ಮಾತುಗಳು ಇವು. ಮೀನಾಕ್ಷಿ ಬಿದ್ದು ಬಿದ್ದು ನಕ್ಕಳು. ಆಮೇಲೆ ಚಪ್ಪಲಿ ಬಿಟ್ಟು, ರೇಷ್ಮೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಟ್ಟಿಯಿಂದ ಬರುವಾಗ ಹುಟ್ಟಿದ ಎರಡು ದಿನದ ಮರಿಯನ್ನು ತಾಯಿಯ ಹೊಟ್ಟೆ ಕೆಳಗಿನಿಂದ ಎತ್ತಿಕೊಂಡಳು. ಮರಿ ಕೂಗಿತು. ಅವಳು ಕತ್ತಲೊಳಗೆ ನಡೆದೇ ಬಿಟ್ಟಳು.

“ಮೇಡಂ!” ಎಂದು ಪೊಲೀಸರು ಓಡಿದರು.

“ದೂರ ನಿಂತ್ಕಳ್ರೀ!” ಎಂದು ಜುಂಜಯ್ಯ ಗದರಿದ. “ಕುರಿ ಬೆದರ್ತಾವೆ!”

ತಾಯಿಕುರಿ ಒಮ್ಮೆ ಅತ್ತಿತ್ತ ನೋಡಿ ಮರಿಯ ದನಿ ಹಿಡಿದು ಓಡಿತು. ಅದರ ಹಿಂದೆ ಇನ್ನೊಂದು, ಹತ್ತು, ನೂರು. ಮುನ್ನೂರು ಕುರಿಗಳೂ ದಡದಡ ಒಳಹೊಕ್ಕು, ಆಚೆಯ ಬಿಸಿಲಿನಲ್ಲಿ ಅವಳ ಸುತ್ತ ಹರಡಿಕೊಂಡವು. ಜನ ಕೇಕೆ ಹಾಕಿದರು. ಹರೀಶ್ ಕುಣಿದೇ ಬಿಟ್ಟ. ಮಂತ್ರಿಯ ಸೀರೆಯ ತುಂಬ ಮರಿಯ ಉಚ್ಚೆ.

ಓಡಿಬಂದ ಜುಂಜಯ್ಯ ಏದುಸಿರು ಬಿಡುತ್ತ ಕಾಗದ ತೆಗೆದು ಕೊಟ್ಟ. ಜಗಳ ಬಾಯಿಗೆ ಬರಲಿಲ್ಲ. ಮೀನಾಕ್ಷಿ ಓದಿದಳು, ನಗು ಆರಿತು.

“ನಿಯಮ ಏನೇ ಇರ್ಲಿ, ಒಂದ್ ಸಾಲು ಕೈಯಾರೆ ಬರೀಬೋದಿತ್ತಣ್ಣ. ಆ ಕುರ್ಚೀಲಿ ಕುಂತು ಹೆದರ್ಕಂಡಿದ್ದೆ. ತಪ್ಪಾತು.”

ಹರೀಶನ ಜೇಬಿನ ಪೆನ್ನು ಕಿತ್ತುಕೊಂಡು, ಹಳೆಯ ಸಹಿಯ ಕೆಳಗೆ ಬರೆದು ಕೊಟ್ಟಳು. ಜುಂಜಯ್ಯ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದ: ‘ಅಣ್ಣಾ, ಕುರಿ ದಾಟಿದವು.’

ಮೊದಲ ಪದದ ಮೇಲೆ ಅವನ ಬೆರಳು ಬಹಳ ಹೊತ್ತು ನಿಂತಿತು. ಕಾಗದ ಮಡಚಿ ಮತ್ತೆ ಒಳಜೇಬಿಗೆ ಇಟ್ಟುಕೊಂಡು, ಟವಲಿನಿಂದ ಮುಖ ಒರೆಸಿಕೊಂಡ.

“ಬಾರವ್ವ, ನಿಮ್ಮತ್ತಿಗೆ ಬುತ್ತಿ ತಂದವಳೆ. ಮೊದ್ಲು ಉಣ್ಣಾಣ.”

ಆ ದಿನ ಚಿತ್ರದುರ್ಗದಲ್ಲಿ ಮಂತ್ರಿಗಳ ಮುಂದಿನ ಸಭೆ ಒಂದೂವರೆ ಗಂಟೆ ತಡವಾಗಿ ಶುರುವಾಯಿತು.