ಯಾವ ಚಲೋ?

ನಮ್ಮ ತನ್ವಿ ಒಂಬತ್ತನೇ ತರಗತಿಯಲ್ಲಿ ಮೊದಲು ಗಣಿತಕ್ಕೆ ಬೆನ್ನು ತಿರುಗಿಸಿದಳು, ಆಮೇಲೆ ಶಾಲೆಗೇ. ಟಿಫಿನ್ ಡಬ್ಬಿ ಹಿಡಿದು ಮನೆಯಿಂದ ಹೊರಟವಳು ಇಡೀ ದಿನ ಹೈದರಾಬಾದಿನ ಕೋಠಿಯ ಹಳೇ ಪುಸ್ತಕದಂಗಡಿಗಳಲ್ಲಿ ಕಳೆದು ಬರುತ್ತಿದ್ದಳು. ಕೇಳಿದರೆ ಬಾಗಿಲು ಧಡಾರ್. ನನ್ನ ಬಾಯಿಯೂ ಕಮ್ಮಿಯಿಲ್ಲ. ಕೂಕಟ್‌ಪಲ್ಲಿಯ ನಮ್ಮ ಅಪಾರ್ಟ್‌ಮೆಂಟಿಗೆಲ್ಲ ಕೇಳುವಂತೆ ಜಗಳ.

ಎದುರು ಮನೆಯ ಶ್ರೀವಿದ್ಯಾಳ ಮಗ ಋಷಭ್ ಕೂಡ ಹಿಂದೆ ಹೀಗೇ ಇದ್ದ. ಶಂಶಾಬಾದ್ ಆಚೆ, ಮಕ್ಕಳ ನಡತೆ ತಿದ್ದುತ್ತೇವೆ ಎನ್ನುವ ವಸತಿ ಶಾಲೆಗೆ ಹೋಗಿಬಂದ ಮೇಲೆ ಕೈಮುಗಿದೇ ಮಾತು. ಏನು ಕೇಳಿದರೂ "ಚೆನ್ನಾಗಿದೆ ಆಂಟಿ." ಅವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನನ್ನ ಗಂಡ ಚಂದ್ರಹಾಸ ಮೈಸೂರಿನವರು, ಹೈಟೆಕ್ ಸಿಟಿಯ ಹೊಸ ಕಂಪನಿಗೆ ತಮ್ಮನ್ನೇ ಬರೆದುಕೊಟ್ಟವರು. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ?" ಎಂದು ಗಾದೆ ಹೇಳಿ ತನ್ವಿಯನ್ನೂ ಅಲ್ಲಿಗೇ ಸೇರಿಸಿದರು. ನಾನು ಬೇಡ ಅನ್ನಲಿಲ್ಲ.

ಮೊದಲ ಭೇಟಿಯ ಭಾನುವಾರ, ಹೊಸ ವಿಮಾನ ನಿಲ್ದಾಣ ಕಟ್ಟುತ್ತಿದ್ದ ಕಡೆಯ ಧೂಳು ಕುಡಿಯುತ್ತ ಹೋದೆವು. ತನ್ವಿಗೆ ಬಿಗಿಯಾದ ಎರಡು ಜಡೆ, ನೆಟ್ಟಗಿನ ಬೆನ್ನು. ಕೈಮುಗಿದಳು. ವಾರ್ಡನ್ ಪಕ್ಕದಲ್ಲೇ ನಿಂತಿದ್ದರು.

"ಹ್ಯಾಂಗ ಐತಿ ಇಲ್ಲಿ?" ಎಂದೆ.

"ಚಲೋ, ಅಮ್ಮ."

ವಾರ್ಡನ್ ನಕ್ಕರು. ಮಾರ್ಕ್ಸ್ ಏರಿವೆ ಎಂದರು.

ಕಾರು ಗೇಟು ದಾಟಿದ ಮೇಲೆ ನನಗೆ ಕಸಿವಿಸಿ ಶುರುವಾಯಿತು. ನಮ್ಮ ರಾಯಚೂರಿನ ಮಾತಿನಲ್ಲಿ ಚಲೋ ಅಂದರೆ ಚೆನ್ನಾಗಿದೆ. ಹೈದರಾಬಾದಿನ ಹಿಂದಿಯಲ್ಲಿ ಚಲೋ ಅಂದರೆ ನಡಿ, ಹೋಗೋಣ. ತನ್ವಿ ಎರಡನ್ನೂ ಆಡುವವಳು.

"ರೀ, ಅಕಿ ಅಂದದ್ದು ಯಾವ ಚಲೋ?"

"ಚೆನ್ನಾಗಿದೆ ಅಂದ್ಲು ಕಣೇ. ಮಾರ್ಕ್ಸ್ ಕೇಳಿದ್ಯಲ್ಲ."

"ಚಲೋ ಐತಿ ಅನ್ನಲಿಲ್ಲಲ್ರಿ! ಬರೇ ಚಲೋ ಅಂದ್ಲು."

ನನ್ನ ತಲೆ ಮೊಸರುಗಡಿಗೆಯಾಗಿತ್ತು. ಋಷಭ್‌ಗೆ ಒಗ್ಗಿದ್ದು ಇವಳಿಗೇಕೆ ಒಗ್ಗಬಾರದು? ಮನೆಗೆ ಕರೆತಂದರೆ ಮತ್ತೆ ಕೋಠಿ, ಮತ್ತೆ ಬಾಗಿಲು ಧಡಾರ್. ಬಿಟ್ಟು ಹೋದರೆ? ಹಟ ಹಿಡಿದು ಗಾಡಿ ತಿರುಗಿಸುವಂತೆ ಮಾಡಿದೆ.

ತನ್ವಿ ಇನ್ನೂ ಗೇಟಿನ ಹತ್ತಿರವೇ ನಿಂತಿದ್ದಳು.

"ಯಾವ ಚಲೋ ಅಂದಿ ನೀ?"

"ಎರಡೂ," ಎಂದಳು. "ಇಲ್ಲಿ ಚಲೋನೇ ಐತಿ ಅಮ್ಮ. ಯಾರೂ ಬೈಯೂದಿಲ್ಲ, ಗಣಿತ ತಿಳಿಯಾಕತ್ತೈತಿ. ಆದ್ರ ಯಾರು ಏನು ಕೇಳಿದ್ರೂ ಚಲೋ ಐತಿ ಅನ್ನೂದು ರೂಢಿ ಆಗೇತಿ. ನಿನ್ನೆ ಜ್ವರ ಬಂದಿತ್ತು. ಆಗೂ ಹಂಗ ಅಂದೆ. ನಂಗ ಭಾಳ ಅಂಜಿಕಿ ಆತು."

ಹಣೆ ಮುಟ್ಟಿದೆ. ಇನ್ನೂ ಬಿಸಿಯಿತ್ತು. ನನಗೆ ಋಷಭ್‌ನ ಮುಗಿದ ಕೈಗಳು ನೆನಪಾದವು. ಅವನು ಒಮ್ಮೆಯಾದರೂ ಚೆನ್ನಾಗಿಲ್ಲ ಅಂದದ್ದು ನೆನಪಾಗಲಿಲ್ಲ.

"ಈಗೇನು ಮಾಡೋಣ?" ಎಂದರು ಇವರು.

"ಚಲೋ," ಎಂದೆ.

"ಯಾವ ಚಲೋ?"

ನನಗೇ ಗೊತ್ತಿರಲಿಲ್ಲ. ಅಷ್ಟರಲ್ಲಿ ತನ್ವಿ ಪೆಟ್ಟಿಗೆ ತರಲು ಓಡಿಯಾಗಿತ್ತು.